ಎಂಸಿಬಿ ಕಾಯುವುದು ಯಾರನ್ನು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಯ ವಿದ್ಯುತ್ ಬೋರ್ಡಿನ ಬಗ್ಗೆ ಬಂದಿರುವ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದಾಗ, ಹೆಚ್ಚಿನವುಗಳ ಬುಡದಲ್ಲಿ ಒಂದೇ ಗೊಂದಲ ಇರುವುದು ಕಾಣುತ್ತದೆ. ಬೋರ್ಡಿನಲ್ಲಿ ಕೂತಿರುವ ಪ್ರತಿಯೊಂದು ಸಾಧನವೂ ಮನೆಯಲ್ಲಿರುವ ಎಲ್ಲವನ್ನೂ ಎಲ್ಲ ಅಪಾಯಗಳಿಂದಲೂ ಕಾಯುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಿಲ್ಲ. ಪ್ರವಾಹ ಮಿತಿ ಮೀರಿದಾಗ ತಾನಾಗಿಯೇ ಕಡಿಯುವ, ಅಂದರೆ ಟ್ರಿಪ್ ಆಗುವ, ಎಂಸಿಬಿ ವೈರನ್ನು ಕಾಯುತ್ತದೆ, ನೆಲಕ್ಕೆ ಸೋರುವ ಪ್ರವಾಹವನ್ನು ಕಂಡು ಕಡಿಯುವ ಆರ್‌ಸಿಸಿಬಿ ಮನುಷ್ಯನನ್ನು ಕಾಯುತ್ತದೆ, ಸರ್ಜ್ ಪ್ರೊಟೆಕ್ಟರ್ ಉಪಕರಣವನ್ನು ಕಾಯುತ್ತದೆ, ಮತ್ತು ಒಬ್ಬರ ಕೆಲಸವನ್ನು ಮತ್ತೊಬ್ಬರು ಮಾಡುವುದಿಲ್ಲ. ಕೆಳಗಿನ ಲೆಕ್ಕಗಳೆಲ್ಲ 230 ವೋಲ್ಟ್, 50 ಹರ್ಟ್ಸ್ ಪೂರೈಕೆಗೆ ಮತ್ತು ಪಿವಿಸಿ ಹೊದಿಕೆಯ ತಾಮ್ರದ ವೈರಿಗೆ ಸಂಬಂಧಿಸಿದವು.

ಪ್ರಶ್ನೆ: ಮಾನ್ಯರೇ, ನಮ್ಮ ಒಂದು ಕೋಣೆಯ ಪವರ್ ಸಾಕೆಟ್‌ಗಳಿಗೆ 16 ಆಂಪಿಯರ್ ಎಂಸಿಬಿ ಹಾಕಿದ್ದಾರೆ. 3,000 ವ್ಯಾಟ್ ಗೀಸರ್ ಮತ್ತು 2,000 ವ್ಯಾಟ್ ರೂಮ್ ಹೀಟರ್ ಒಟ್ಟಿಗೆ ನಡೆದಾಗ ಕೆಲವು ದಿನ ಅದು ಟ್ರಿಪ್ ಆಗುತ್ತದೆ, ಕೆಲವು ದಿನ ಆಗುವುದಿಲ್ಲ. ಎಂಸಿಬಿ ಹಾಳಾಗಿದೆ, 32 ಆಂಪಿಯರಿನದು ಹಾಕಿದರೆ ತೊಂದರೆ ತಪ್ಪುತ್ತದೆ ಎಂದು ಕೆಲಸದವರು ಹೇಳುತ್ತಾರೆ. ಹಾಕಿಸಬಹುದೇ? ವೈರು 2.5 ಚದರ ಮಿ.ಮೀ. ಇದೆ.

ಉತ್ತರ: ಹಾಕಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಎಂಸಿಬಿ ಇರುವುದು ಗೀಸರನ್ನಾಗಲೀ ಹೀಟರನ್ನಾಗಲೀ ಕಾಯುವುದಕ್ಕಲ್ಲ. ಬೋರ್ಡಿನಿಂದ ಸಾಕೆಟ್‌ವರೆಗೆ ಗೋಡೆಯೊಳಗೆ ಹೋಗಿರುವ ವೈರನ್ನು ಕಾಯುವುದಕ್ಕೆ. ಆದ್ದರಿಂದ ಎಂಸಿಬಿ ಎಷ್ಟು ಆಂಪಿಯರಿನದಾಗಿರಬೇಕು ಎಂಬುದರ ಮೇಲ್ಮಿತಿಯನ್ನು ಹೇಳುವುದು ಉಪಕರಣವಲ್ಲ, ವೈರಿನ ದಪ್ಪ ಮತ್ತು ಆ ವೈರು ಹಾದುಹೋಗಿರುವ ದಾರಿ.

ನಿಮ್ಮ ಎಂಸಿಬಿ ಹಾಳಾಗಿಲ್ಲ ಎಂಬುದು ನೀವು ಕೊಟ್ಟ ವಿವರದಿಂದಲೇ ಗೊತ್ತಾಗುತ್ತದೆ. 5,000 ವ್ಯಾಟನ್ನು 230ರಿಂದ ಭಾಗಿಸಿದರೆ 21.7 ಆಂಪಿಯರ್ ಆಗುತ್ತದೆ, ಅಂದರೆ 16ರ 1.36 ಪಟ್ಟು. ಮನೆಬಳಕೆಯ ಎಂಸಿಬಿಗಳಿಗೆ ಇರುವ ಐಇಸಿ 60898 ಮಾನದಂಡದ ಪ್ರಕಾರ, ನಮೂದಿತ, ಅಂದರೆ ಅದರ ಮೇಲೆ ಬರೆದಿರುವ, ಪ್ರವಾಹದ 1.13 ಪಟ್ಟು ಹರಿದಾಗ ಅದು ಒಂದು ಗಂಟೆಯೊಳಗೆ ಟ್ರಿಪ್ ಆಗಕೂಡದು, 1.45 ಪಟ್ಟು ಹರಿದಾಗ ಒಂದು ಗಂಟೆಯೊಳಗೆ ಟ್ರಿಪ್ ಆಗಲೇಬೇಕು. ನಿಮ್ಮ ಲೋಡು ಈ ಎರಡರ ನಡುವೆ ಬರುತ್ತದೆ. ಒಳಗಿರುವ ಎರಡು ಲೋಹಗಳ ಬೆಸುಗೆಯ ಪಟ್ಟಿ ಕಾದು ಬಾಗಿ, ಸ್ವಿಚ್ಚನ್ನು ಹಿಡಿದಿಟ್ಟಿರುವ ಬೀಗವನ್ನು ಬಿಡಿಸಬೇಕು. ಬೋರ್ಡು ಇರುವ ಜಾಗ ಬಿಸಿಯಾಗಿದ್ದ ದಿನ ಅದು ಬೇಗ ಬಾಗುತ್ತದೆ, ತಂಪಾಗಿದ್ದ ದಿನ ಬಾಗದೆಯೂ ಇರಬಹುದು. ಕೆಲವು ದಿನ ಆಗುವುದು, ಕೆಲವು ದಿನ ಆಗದಿರುವುದು ಇದರಿಂದ.

ಈಗ ವೈರಿನ ವಿಷಯ. ಗೋಡೆಯ ಕೊಳವೆಯೊಳಗೆ ಒಂಟಿಯಾಗಿ ಹೋಗಿರುವ 2.5 ಚದರ ಮಿ.ಮೀ. ವೈರು, ಸುತ್ತಲಿನ ಉಷ್ಣತೆ 30 ಡಿಗ್ರಿ ಇದ್ದಾಗ, ಸುಮಾರು 24 ಆಂಪಿಯರನ್ನು ಸದಾಕಾಲ ಹೊರಬಲ್ಲದು. ಉಷ್ಣತೆ 40 ಡಿಗ್ರಿಗೆ ಏರಿದರೆ ಅದನ್ನು 0.87ರಿಂದ ಗುಣಿಸಬೇಕು, ಉಳಿಯುವುದು 20.9. ಅದೇ ಕೊಳವೆಯಲ್ಲಿ ಇನ್ನೊಂದು ಸರ್ಕ್ಯೂಟಿನ ವೈರುಗಳೂ ಹೋಗಿದ್ದರೆ, ಒಂದರ ಬಿಸಿ ಇನ್ನೊಂದಕ್ಕೆ ತಗಲುವುದರಿಂದ, ಮತ್ತೆ 0.8ರಿಂದ ಗುಣಿಸಬೇಕು; ಉಳಿಯುವುದು 16.7. ನಿಮ್ಮ ಬೋರ್ಡಿನಲ್ಲಿ 16 ಆಂಪಿಯರ್ ಎಂಸಿಬಿಯನ್ನು ಇಟ್ಟವರು ಲೆಕ್ಕ ಬಲ್ಲವರು. ಅದರ ಜಾಗದಲ್ಲಿ 32 ಆಂಪಿಯರಿನದನ್ನು ಕೂರಿಸಿದರೆ, 36 ಆಂಪಿಯರ್ ಹರಿದರೂ ಅದು ಒಂದು ಗಂಟೆ ಕಾಲ ಸುಮ್ಮನಿರುವ ಹಕ್ಕನ್ನು ಪಡೆದಿರುತ್ತದೆ. ವೈರಿನಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಆ ವೈರು ತಾನು ಹೊರಬಹುದಾದ ಶಾಖಕ್ಕಿಂತ ನಾಲ್ಕೂವರೆ ಪಟ್ಟು ಹೆಚ್ಚಿನ ಶಾಖವನ್ನು ಹೊರಬೇಕಾಗುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆ ಸದಾಕಾಲ ತಾಳುವುದು 70 ಡಿಗ್ರಿಯವರೆಗೆ. ಅದನ್ನು ಮೀರಿದರೆ ಹೊದಿಕೆ ಒಂದೇ ದಿನದಲ್ಲಿ ಸುಡಬೇಕೆಂದೇನೂ ಇಲ್ಲ. ಮೆದುವಾಗಿ, ಮತ್ತೆ ಗಟ್ಟಿಯಾಗಿ, ಕೊನೆಗೆ ಬಿರುಕು ಬಿಡುತ್ತದೆ, ಮತ್ತು ಅದೆಲ್ಲ ಗಾರೆಯೊಳಗೆ ನಡೆಯುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಸರಿಯಾದ ದಾರಿ ಎಂದರೆ ಗೀಸರಿಗೆ ಬೋರ್ಡಿನಿಂದಲೇ ಬೇರೆ ವೈರು ಎಳೆಸುವುದು. 4 ಚದರ ಮಿ.ಮೀ. ವೈರಿಗೆ ಇದೇ ಕಡಿತಗಳನ್ನು ಹಾಕಿದರೂ 22 ಆಂಪಿಯರ್ ಉಳಿಯುತ್ತದೆ. ಅದಕ್ಕೆ 20 ಆಂಪಿಯರ್ ಎಂಸಿಬಿ ಹೊಂದುತ್ತದೆ, 13 ಆಂಪಿಯರ್ ಎಳೆಯುವ ಗೀಸರ್ ಅದರಲ್ಲಿ ನಿರಾಳವಾಗಿ ನಡೆಯುತ್ತದೆ. ಲೋಡಿನ ಪ್ರವಾಹಕ್ಕಿಂತ ಎಂಸಿಬಿ ದೊಡ್ಡದಿರಬೇಕು, ಎಂಸಿಬಿಗಿಂತ ವೈರಿನ ಸಾಮರ್ಥ್ಯ ದೊಡ್ಡದಿರಬೇಕು. ಈ ಕ್ರಮ ಎಲ್ಲಿಯೂ ತಿರುವುಮುರುವು ಆಗಬಾರದು. ಅಲ್ಲಿಯವರೆಗೆ ಎರಡನ್ನೂ ಒಟ್ಟಿಗೆ ಹಾಕಬೇಡಿ.

ಪ್ರಶ್ನೆ: ನೀರಿನ ಪಂಪ್ ಚಾಲೂ ಮಾಡಿದ ಕ್ಷಣದಲ್ಲೇ 10 ಆಂಪಿಯರ್ ಎಂಸಿಬಿ ಟ್ರಿಪ್ ಆಗುತ್ತದೆ. ಎರಡು ಮೂರು ಸಲ ಪ್ರಯತ್ನಿಸಿದರೆ ಒಮ್ಮೆ ನಿಲ್ಲುತ್ತದೆ, ಆಮೇಲೆ ಗಂಟೆಗಟ್ಟಲೆ ಏನೂ ಆಗುವುದಿಲ್ಲ. ಎಂಸಿಬಿಯ ಮೇಲೆ ಬಿ10 ಎಂದಿದೆ. ಆ ಅಕ್ಷರದ ಅರ್ಥವೇನು?

ಉತ್ತರ: ನಿಮ್ಮ ತೊಂದರೆಗೂ ಮೇಲಿನವರ ತೊಂದರೆಗೂ ಇರುವ ವ್ಯತ್ಯಾಸವನ್ನು ಗಮನಿಸಿ. ಹೊತ್ತು ಕಳೆದ ಮೇಲೆ ಟ್ರಿಪ್ ಆದರೆ ಅದು ಬಿಸಿ ಪಟ್ಟಿಯ ಕೆಲಸ, ಲೋಡು ಹೆಚ್ಚಾಗಿದೆ ಎಂಬ ಸೂಚನೆ. ಸ್ವಿಚ್ ಒತ್ತಿದ ಕ್ಷಣದಲ್ಲೇ ಟ್ರಿಪ್ ಆದರೆ ಅದು ಒಳಗಿರುವ ತಂತಿಸುರುಳಿಯ, ಅಂದರೆ ವಿದ್ಯುತ್ಕಾಂತದ ಕೆಲಸ. ಬಿ, ಸಿ, ಡಿ ಎಂಬ ಅಕ್ಷರಗಳು ಈ ಎರಡನೆಯ ಕೆಲಸಕ್ಕೆ ಮಾತ್ರ ಸಂಬಂಧಿಸಿದವು: ಬಿ ವರ್ಗದ್ದು ನಮೂದಿತ ಪ್ರವಾಹದ 3ರಿಂದ 5 ಪಟ್ಟಿನಲ್ಲಿ, ಸಿ 5ರಿಂದ 10 ಪಟ್ಟಿನಲ್ಲಿ, ಡಿ 10ರಿಂದ 20 ಪಟ್ಟಿನಲ್ಲಿ ಕ್ಷಣಮಾತ್ರದಲ್ಲಿ ಕಡಿಯುತ್ತದೆ. ಪಂಪಿನ ಮೋಟಾರು ನಿಂತ ಸ್ಥಿತಿಯಿಂದ ತಿರುಗಲು ಹೊರಟಾಗ ತನ್ನ ಸಾಮಾನ್ಯ ಪ್ರವಾಹದ ಐದಾರು ಪಟ್ಟನ್ನು ಎಳೆಯುತ್ತದೆ. 6 ಆಂಪಿಯರಿನ ಪಂಪ್ ಆ ಅರೆಕ್ಷಣದಲ್ಲಿ 36 ಆಂಪಿಯರ್ ಮುಟ್ಟಿದರೆ, 30ರಿಂದ 50ರ ನಡುವೆ ಎಲ್ಲಿ ಬೇಕಾದರೂ ಕಡಿಯಬಹುದಾದ ಬಿ10 ಅದನ್ನು ಶಾರ್ಟ್ ಸರ್ಕ್ಯೂಟ್ ಎಂದೇ ತಿಳಿಯುತ್ತದೆ. ಸಿ10 ಹಾಕಿಸಿ. ಹಾಕಿಸುವ ಮುನ್ನ ಮೋಟಾರು ಕೈಯಿಂದ ತಿರುಗಿಸಿದಾಗ ಸಲೀಸಾಗಿ ತಿರುಗುತ್ತದೆಯೇ, ಅದರ ಕೆಪಾಸಿಟರ್ ಸರಿಯಿದೆಯೇ ಎಂದು ನೋಡಿಸುವುದು ಒಳ್ಳೆಯದು, ಏಕೆಂದರೆ ಇವೆರಡೂ ಕೆಟ್ಟಾಗ ಆರಂಭದ ಪ್ರವಾಹ ಇಳಿಯಲು ತಡಮಾಡುತ್ತದೆ.

ಹಾಗಾದರೆ ಎಲ್ಲ ಕಡೆಯೂ ಸಿ ಅಥವಾ ಡಿ ಹಾಕಿಬಿಡೋಣ ಎನ್ನಬೇಡಿ. ಸಿ16 ಕ್ಷಣದಲ್ಲಿ ಕಡಿಯುವುದು ಖಚಿತವಾಗಬೇಕಾದರೆ 160 ಆಂಪಿಯರ್ ಹರಿಯಬೇಕು. ಅಷ್ಟು ಹರಿಯಬೇಕಾದರೆ ಶಾರ್ಟ್ ಆದ ದಾರಿಯ ಒಟ್ಟು ಪ್ರತಿರೋಧ 1.44 ಓಮ್‌ಗಿಂತ ಕಡಿಮೆ ಇರಬೇಕು. ಬೋರ್ಡಿನಿಂದ ದೂರವಿರುವ ತೆಳು ವೈರಿನ ತುದಿಯಲ್ಲಿ ಅದು ದೊರೆಯದೆ ಹೋಗಬಹುದು. ದೀಪ ಮತ್ತು ಸಾಮಾನ್ಯ ಸಾಕೆಟ್‌ಗಳಿಗೆ ಬಿ, ಮೋಟಾರು ಇರುವ ಕಡೆ ಸಿ ಎಂಬುದು ಮನೆಗೆ ಸಾಕು. ಡಿ ವರ್ಗಕ್ಕೆ ಮನೆಯಲ್ಲಿ ಕೆಲಸವೇ ಇಲ್ಲವೆನ್ನುವಷ್ಟು ಕಡಿಮೆ.

ಪ್ರಶ್ನೆ: ನಮ್ಮ ಮನೆಯ ಅರ್ಥಿಂಗ್ ಚೆನ್ನಾಗಿದೆ. ಗುಂಡಿ ತೋಡಿ, ಪೈಪು ಹೂಳಿ ಮಾಡಿಸಿದ್ದೇವೆ. ಎಲ್ಲ ಸಾಲುಗಳಿಗೂ (ಸರ್ಕ್ಯೂಟುಗಳಿಗೂ) ಎಂಸಿಬಿ ಇದೆ. ಆದರೂ ಆರ್‌ಸಿಸಿಬಿ ಬೇಕೇ ಬೇಕು ಎನ್ನುವುದೇಕೆ?

ಉತ್ತರ: ಬೇಕೇ ಬೇಕು. ನಿಮ್ಮ ಪ್ರಶ್ನೆಗೆ ಸಣ್ಣ ಲೆಕ್ಕವೊಂದೇ ಉತ್ತರ ಕೊಡುತ್ತದೆ. ತೊಳೆಯುವ ಯಂತ್ರದ ಒಳಗೆ ವಿದ್ಯುತ್ ತರುವ ಫೇಸ್ ವೈರು ಸವೆದು ಲೋಹದ ಮೈಗೆ ತಾಗಿತು ಎಂದಿಟ್ಟುಕೊಳ್ಳಿ. ಪ್ರವಾಹವು ಮೈಯಿಂದ ಅರ್ಥ್ ವೈರಿಗೆ, ಅಲ್ಲಿಂದ ನೀವು ಹೂಳಿದ ಪೈಪಿಗೆ, ಮಣ್ಣಿನ ಮೂಲಕ ಟ್ರಾನ್ಸ್‌ಫಾರ್ಮರಿನ ಅರ್ಥಿಂಗಿಗೆ ಹೋಗಿ ಸುತ್ತನ್ನು ಮುಗಿಸಬೇಕು. ನಿಮ್ಮ ಪೈಪಿನ ಪ್ರತಿರೋಧ 15 ಓಮ್, ಉಳಿದ ದಾರಿಯದು 5 ಓಮ್ ಎಂದರೂ ಒಟ್ಟು 20 ಓಮ್. 230ನ್ನು 20ರಿಂದ ಭಾಗಿಸಿದರೆ 11.5 ಆಂಪಿಯರ್. ನಿಮ್ಮ 16 ಆಂಪಿಯರ್ ಎಂಸಿಬಿಗೆ ಅದು ಯಾವ ದೋಷವೂ ಅಲ್ಲ, ಮಾಮೂಲಿ ಲೋಡು. ಅದು ಎಂದಿಗೂ ಟ್ರಿಪ್ ಆಗುವುದಿಲ್ಲ. ಆ ಹೊತ್ತಿಗೆ ಯಂತ್ರದ ಮೈಯ ಮೇಲೆ ಎಷ್ಟು ವೋಲ್ಟೇಜ್ ಇರುತ್ತದೆ? 11.5ನ್ನು 15ರಿಂದ ಗುಣಿಸಿ: 172 ವೋಲ್ಟ್. ಅದೂ ಅಲ್ಲದೆ, ಅರ್ಥ್ ವೈರು ಮನೆಯ ಎಲ್ಲ ಲೋಹದ ಮೈಗಳನ್ನೂ ಜೋಡಿಸಿರುವುದರಿಂದ, ಫ್ರಿಜ್ಜಿನ ಬಾಗಿಲಿಗೂ ಅದೇ ವೋಲ್ಟೇಜ್ ಬಂದಿರುತ್ತದೆ. ಆ ಫ್ರಿಜ್ಜನ್ನು ಬರಿಗಾಲಲ್ಲಿ ಬಂದು ತೆರೆಯುವ ಮಗುವನ್ನು ನೆನೆದರೆ ನನಗೆ ಇಂದಿಗೂ ಎದೆ ನಡುಗುತ್ತದೆ.

ಪೂರೈಕೆದಾರರೇ ಲೋಹದ ಅರ್ಥ್ ತಂತಿಯನ್ನು ಟ್ರಾನ್ಸ್‌ಫಾರ್ಮರಿನಿಂದ ಮನೆಯವರೆಗೆ ಕೊಟ್ಟಿರುವ ಕಡೆಗಳಲ್ಲಿ ಈ ದೋಷಕ್ಕೆ ನೂರಾರು ಆಂಪಿಯರ್ ಹರಿದು ಎಂಸಿಬಿಯೇ ಕಡಿಯುತ್ತದೆ ಎಂಬುದು ನಿಜ. ಆದರೆ ಮಣ್ಣನ್ನೇ ನಂಬಿರುವ ಅರ್ಥಿಂಗಿನಲ್ಲಿ ಆ ಆಸೆ ಬೇಡ.

ಆರ್‌ಸಿಸಿಬಿ ಪ್ರವಾಹ ಎಷ್ಟಿದೆ ಎಂದು ನೋಡುವುದೇ ಇಲ್ಲ. ಫೇಸ್ ಮತ್ತು ಪ್ರವಾಹವನ್ನು ಮರಳಿ ಒಯ್ಯುವ ನ್ಯೂಟ್ರಲ್ ಎರಡನ್ನೂ ಒಂದೇ ಕಬ್ಬಿಣದ ಬಳೆಯೊಳಗೆ ಹಾಯಿಸಿ, ಹೋದದ್ದೆಲ್ಲ ಮರಳಿ ಬಂದಿತೇ ಎಂದು ಮಾತ್ರ ನೋಡುತ್ತದೆ. ಸಮವಾಗಿದ್ದರೆ ಎರಡರ ಕಾಂತಕ್ಷೇತ್ರಗಳೂ ಒಂದನ್ನೊಂದು ಅಳಿಸಿಹಾಕುತ್ತವೆ. ಒಂದಿಷ್ಟು ಬೇರೆ ದಾರಿಯಲ್ಲಿ, ಅಂದರೆ ಅರ್ಥ್ ವೈರಿನ ಮೂಲಕವೋ ಮನುಷ್ಯನ ಮೈ ಮೂಲಕವೋ ನೆಲಕ್ಕೆ ಸೋರಿದರೆ, ಉಳಿದ ವ್ಯತ್ಯಾಸ ಬಳೆಗೆ ಸುತ್ತಿದ ತಂತಿಯಲ್ಲಿ ಸಣ್ಣ ಪ್ರವಾಹವನ್ನು ಹುಟ್ಟಿಸಿ ಬೀಗವನ್ನು ಬಿಡಿಸುತ್ತದೆ. 30 ಮಿಲಿಆಂಪಿಯರಿನ ಸಾಧನವು 15ರಿಂದ 30 ಮಿಲಿಆಂಪಿಯರಿನ ನಡುವೆ ಎಲ್ಲಿ ಬೇಕಾದರೂ ಟ್ರಿಪ್ ಆಗಬಹುದು. 30ರಲ್ಲಿ 300 ಮಿಲಿಸೆಕೆಂಡಿನೊಳಗೆ, 150 ಅಥವಾ ಅದಕ್ಕಿಂತ ಹೆಚ್ಚಿನ ಸೋರಿಕೆಯಲ್ಲಿ 40 ಮಿಲಿಸೆಕೆಂಡಿನೊಳಗೆ ಆಗಲೇಬೇಕು. ಹಿಡಿದದ್ದನ್ನು ಬಿಡಲಾಗದಂತೆ ಸ್ನಾಯುಗಳು ಬಿಗಿಯಲು ಸುಮಾರು 10 ಮಿಲಿಆಂಪಿಯರ್ ಸಾಕು ಎಂಬುದನ್ನು ನೆನಪಿಟ್ಟರೆ, ಈ ಅಂಕಿಗಳ ಬೆಲೆ ತಿಳಿಯುತ್ತದೆ.

ಇದರ ಮಿತಿಗಳನ್ನೂ ಹೇಳಬೇಕು. ಷಾಕ್ ಹೊಡೆಯುವುದೇ ಇಲ್ಲ ಎಂದು ಅರ್ಥವಲ್ಲ. ಹೊಡೆಯುತ್ತದೆ, ಹೃದಯದ ಬಡಿತ ಕೆಡುವಷ್ಟು ಹೊತ್ತು ಹೊಡೆಯುವುದಿಲ್ಲ. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದು ಒಣ ಮರದ ಸ್ಟೂಲಿನ ಮೇಲೆ ನಿಂತಿದ್ದರೆ, ಹೋದದ್ದೆಲ್ಲ ಮರಳಿ ಬರುವುದರಿಂದ ಆರ್‌ಸಿಸಿಬಿಗೆ ಆ ವ್ಯಕ್ತಿಯೂ ಒಂದು ಬಲ್ಬಿನಂತೆಯೇ ಕಾಣುತ್ತಾನೆ. ಓವರ್‌ಲೋಡ್ ಮತ್ತು ಶಾರ್ಟ್ ಸರ್ಕ್ಯೂಟುಗಳನ್ನು ಅದು ಕಡಿಯುವುದಿಲ್ಲ. ಅದರ ಮೇಲೆ ಬರೆದಿರುವ 40 ಆಂಪಿಯರ್ ಎಂಬುದು ಅದು ಹೊರಬಲ್ಲ ಪ್ರವಾಹವೇ ಹೊರತು ಕಡಿಯುವ ಮಟ್ಟವಲ್ಲ. ಆದ್ದರಿಂದ ಎಂಸಿಬಿ ಅದರ ಜೊತೆಯಲ್ಲಿರಲೇಬೇಕು. ಎರಡೂ ಕೆಲಸವನ್ನು ಒಂದೇ ಪೆಟ್ಟಿಗೆಯಲ್ಲಿ ಮಾಡುವುದಕ್ಕೆ ಆರ್‌ಸಿಬಿಒ ಎನ್ನುತ್ತಾರೆ. ಇಎಲ್‌ಸಿಬಿ ಎಂಬ ಹಳೆಯ ಹೆಸರು ಮೂಲದಲ್ಲಿ ಬೇರೆಯದೇ ತತ್ತ್ವದ, ಅರ್ಥ್ ವೈರಿನ ವೋಲ್ಟೇಜನ್ನು ನೋಡುತ್ತಿದ್ದ ಸಾಧನದ್ದು; ಈಗ ಆ ಹೆಸರಿನಿಂದ ಕರೆಯುವುದೂ ಬಹುಮಟ್ಟಿಗೆ ಆರ್‌ಸಿಸಿಬಿಯನ್ನೇ.

ಪ್ರಶ್ನೆ: ಮಳೆ ಬಂದ ರಾತ್ರಿ ನಮ್ಮ ಆರ್‌ಸಿಸಿಬಿ ಟ್ರಿಪ್ ಆಗುತ್ತದೆ. ಅದರ ಕೆಳಗಿನ ಎಲ್ಲ ಎಂಸಿಬಿಗಳನ್ನು ಆಫ್ ಮಾಡಿ ಮತ್ತೆ ಏರಿಸಿದರೂ ನಿಲ್ಲುವುದಿಲ್ಲ. ಲೋಡೇ ಇಲ್ಲದಿರುವಾಗ ಸೋರಿಕೆ ಎಲ್ಲಿಂದ ಬರಬೇಕು? ಸಾಧನವೇ ಕೆಟ್ಟಿದೆ, ಅದನ್ನು ತಪ್ಪಿಸಿ ನೇರವಾಗಿ ಜೋಡಿಸಿಕೊಡುತ್ತೇನೆ ಎಂದು ಒಬ್ಬರು ಹೇಳಿದರು.

ಉತ್ತರ: ನೇರ ಜೋಡಿಸುವುದಕ್ಕೆ ದಯವಿಟ್ಟು ಒಪ್ಪಬೇಡಿ. ಮಳೆಗೂ ಟ್ರಿಪ್‌ಗೂ ನಂಟು ಇದೆ ಎಂದು ನೀವೇ ಕಂಡುಕೊಂಡಿದ್ದೀರಿ. ಕೆಟ್ಟ ಸಾಧನಕ್ಕೆ ಮಳೆ ಗೊತ್ತಾಗುವುದಿಲ್ಲ.

ಬಲ್ಲ ಎಲೆಕ್ಟ್ರಿಷಿಯನ್‌ಗಳೂ ಮುಗ್ಗರಿಸುವ ಜಾಗವಿದು. ಸಾಮಾನ್ಯ ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ಎಂಸಿಬಿಗಳನ್ನೆಲ್ಲ ಇಳಿಸಿದರೂ ಎಲ್ಲ ಸಾಲುಗಳ ನ್ಯೂಟ್ರಲ್ ವೈರುಗಳು ಅವೆಲ್ಲ ಸೇರುವ ಲೋಹದ ಪಟ್ಟಿಯಾದ ನ್ಯೂಟ್ರಲ್ ಲಿಂಕಿನ ಮೂಲಕ ಆರ್‌ಸಿಸಿಬಿಗೆ ಅಂಟಿಕೊಂಡೇ ಇರುತ್ತವೆ. ಆ ವೈರುಗಳಲ್ಲಿ ಒಂದು ಎಲ್ಲಿಯೋ ಒದ್ದೆಯಾಗಿ ಅರ್ಥಿಗೆ ತಾಗುತ್ತಿದೆ ಎಂದಿಟ್ಟುಕೊಳ್ಳಿ. ನ್ಯೂಟ್ರಲ್‌ನಲ್ಲಿ ವೋಲ್ಟೇಜ್ ಇರುವುದಿಲ್ಲ ಎಂದು ಹೇಳುವುದು ವಾಡಿಕೆ, ಆದರೆ ಮನೆಯ ಬೇರೆ ಲೋಡುಗಳ ಮತ್ತು ಅದೇ ತಂತಿಯ ಮೇಲಿನ ಬೇರೆ ಮನೆಗಳ ಪ್ರವಾಹ ಅದರಲ್ಲಿ ಹರಿಯುವುದರಿಂದ, ಅದು ನೆಲಕ್ಕಿಂತ ಒಂದೆರಡು ವೋಲ್ಟ್ ಮೇಲೆ ಇರುವುದು ಸಹಜ. ಒಂದೇ ವೋಲ್ಟ್, ಒದ್ದೆ ದಾರಿಯ ಪ್ರತಿರೋಧ ಅರ್ಥಿಂಗ್ ಸೇರಿ 20 ಓಮ್ ಎಂದರೂ 50 ಮಿಲಿಆಂಪಿಯರ್ ಸೋರಿತು. 30ರ ಸಾಧನ ಟ್ರಿಪ್ ಆಗಲೇಬೇಕು.

ಹುಡುಕುವ ಕ್ರಮ ಹೀಗೆ. ಮೇನ್ ಆಫ್ ಮಾಡಿ, ವೋಲ್ಟೇಜ್ ಶೂನ್ಯವಾಗಿದೆ ಎಂದು ಖಚಿತಪಡಿಸಿಕೊಂಡು, ಆ ಆರ್‌ಸಿಸಿಬಿಯ ನ್ಯೂಟ್ರಲ್ ಲಿಂಕಿನಿಂದ ವೈರುಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿಯೊಂದಕ್ಕೂ ಗುರುತಿನ ಚೀಟಿ ಕಟ್ಟಿ, 500 ವೋಲ್ಟಿನ ಮೆಗ್ಗರಿನಿಂದ, ಅಂದರೆ ಹೊದಿಕೆಯ ಪ್ರತಿರೋಧವನ್ನು ಅಳೆಯುವ ಮೀಟರಿನಿಂದ, ಅರ್ಥಿಗೆ ಅಳೆಯಬೇಕು. ಉಪಕರಣಗಳ ಪ್ಲಗ್ಗುಗಳನ್ನು ಅದಕ್ಕೆ ಮುನ್ನ ತೆಗೆದಿರಬೇಕು. ಒಂದು ಮೆಗಾ ಓಮ್‌ಗಿಂತ ಕಡಿಮೆ ತೋರಿಸುವ ಸಾಲು ನಿಮ್ಮ ಕಳ್ಳ. ಮಳೆಯ ಮರುದಿನ ಬಿಸಿಲಲ್ಲಿ ಅಳೆದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಆದ್ದರಿಂದ ಒದ್ದೆ ಇರುವಾಗಲೇ ಅಳೆಯಿಸಿ. ನನ್ನ ಅನುಭವದಲ್ಲಿ ಮೊದಲು ನೋಡಬೇಕಾದದ್ದು ಹೊರಗೋಡೆಯ ದೀಪ. ಅಂಥ ಒಂದು ದೀಪದ ತಳವನ್ನು ಬಿಚ್ಚಿದಾಗ ಅದರೊಳಗೆ ಎರಡು ಚಮಚೆಯಷ್ಟು ನೀರು ನಿಂತಿತ್ತು, ಕಪ್ಪು, ಅಂದರೆ ನ್ಯೂಟ್ರಲ್ ವೈರಿನ ಸ್ಕ್ರೂ ಹಸಿರುಗಟ್ಟಿತ್ತು, ಫೇಸ್ ವೈರಿನ ಸ್ಕ್ರೂ ನೀರಿನ ಮಟ್ಟಕ್ಕಿಂತ ಒಂದು ಬೆರಳು ಮೇಲೆ ಒಣಗಿಕೊಂಡೇ ಇತ್ತು. ದೀಪ ಎಂದಿನಂತೆ ಉರಿಯುತ್ತಿದ್ದುದರಿಂದ ಯಾರೂ ಅದನ್ನು ಸಂಶಯಿಸಿರಲಿಲ್ಲ.

ಅಳತೆಯಲ್ಲಿ ಯಾವ ಸಾಲೂ ಸಿಕ್ಕಿಬೀಳದಿದ್ದರೆ ಎರಡು ಸಾಧ್ಯತೆಗಳು ಉಳಿಯುತ್ತವೆ. ಒಂದು, ಬೋರ್ಡಿನಲ್ಲಿ ಎರಡು ಆರ್‌ಸಿಸಿಬಿಗಳಿದ್ದು ಒಂದರ ಫೇಸಿಗೆ ಇನ್ನೊಂದರ ನ್ಯೂಟ್ರಲ್ ಸೇರಿಕೊಂಡಿರುವುದು. ಹೊಸದಾಗಿ ಪಾಯಿಂಟ್ ಸೇರಿಸುವಾಗ ಹತ್ತಿರದ ನ್ಯೂಟ್ರಲನ್ನು ಎಳೆದುಕೊಳ್ಳುವ ಅಭ್ಯಾಸದಿಂದ ಇದು ಆಗುತ್ತದೆ. ಇನ್ನೊಂದು, ಎಂಸಿಬಿಗಳನ್ನು ಏರಿಸಿದ್ದಾಗ ಮಾತ್ರ ಟ್ರಿಪ್ ಆಗುತ್ತಿದ್ದರೆ, ಕಂಪ್ಯೂಟರ್, ಎಲ್‌ಇಡಿ ಡ್ರೈವರ್, ತೊಳೆಯುವ ಯಂತ್ರಗಳ ಫಿಲ್ಟರುಗಳಿಂದ ಸಹಜವಾಗಿಯೇ ಸೋರುವ ಚೂರುಪಾರು ಮಿಲಿಆಂಪಿಯರುಗಳೆಲ್ಲ ಒಂದೇ ಸಾಧನದಲ್ಲಿ ಕೂಡಿಕೊಂಡಿರುವುದು. ಸದಾ ಇರುವ ಸೋರಿಕೆ ನಮೂದಿತ ಮಟ್ಟದ ಶೇ. 30ನ್ನು, ಅಂದರೆ 9 ಮಿಲಿಆಂಪಿಯರನ್ನು ಮೀರಬಾರದು. ಮೀರಿದರೆ ಸಾಲುಗಳನ್ನು ಎರಡು ಮೂರು ಆರ್‌ಸಿಸಿಬಿಗಳಿಗೆ ಹಂಚಬೇಕು.

ಪ್ರಶ್ನೆ: ಬೋರ್ಡಿನ ಹತ್ತಿರ ನಿಂತರೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರುತ್ತದೆ. ಒಮ್ಮೊಮ್ಮೆ ದೀಪಗಳು ಮಂಕಾಗಿ ಮತ್ತೆ ಬೆಳಗುತ್ತವೆ. ಆದರೆ ಯಾವ ಎಂಸಿಬಿಯೂ ಟ್ರಿಪ್ ಆಗಿಲ್ಲ. ಟ್ರಿಪ್ ಆಗಿಲ್ಲವಾದ್ದರಿಂದ ಕಾಯಬಹುದೇ?

ಉತ್ತರ: ಕಾಯಬೇಡಿ. ಇದನ್ನು ಓದಿದ ತಕ್ಷಣ ಮೇನ್ ಆಫ್ ಮಾಡಿ, ಬೋರ್ಡನ್ನು ಬಿಚ್ಚಿಸಿ. ಪತ್ರಿಕೆಯಲ್ಲಿ ಉತ್ತರ ಬರುವವರೆಗೆ ಇಂಥದ್ದನ್ನು ಯಾರೂ ಬಿಡಬಾರದು ಎಂಬುದಕ್ಕಾಗಿಯೇ ಈ ಪ್ರಶ್ನೆಯನ್ನು ಎಲ್ಲರ ಮುಂದೆ ಇಡುತ್ತಿದ್ದೇನೆ.

ಸಡಿಲವಾದ ಜೋಡಣೆಯನ್ನು ಎಂಸಿಬಿ ಕಾಣಲಾರದು. ಸ್ಕ್ರೂ ಸಡಿಲವಾಗಿ ವೈರಿನ ತುದಿಯಲ್ಲಿ ಅರ್ಧ ಓಮ್‌ನಷ್ಟು ಪ್ರತಿರೋಧ ಬೆಳೆದಿದೆ, 10 ಆಂಪಿಯರ್ ಹರಿಯುತ್ತಿದೆ ಎನ್ನೋಣ. 10ರ ವರ್ಗ 100, ಅದರ ಅರ್ಧ 50 ವ್ಯಾಟ್. ಬೆಸುಗೆ ಹಾಕುವ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಂಥ ಎರಡನ್ನು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ, ಉಗುರಿನಷ್ಟು ಜಾಗದಲ್ಲಿ ಉರಿಯಬಿಟ್ಟಂತೆ. ಆ ಹೊತ್ತಿಗೆ ಎಂಸಿಬಿಯಲ್ಲಿ ಹರಿಯುವ ಪ್ರವಾಹ ಹೆಚ್ಚುವುದಿರಲಿ, ಪ್ರತಿರೋಧ ಸೇರಿದ್ದರಿಂದ ತುಸು ಕಡಿಮೆಯೇ ಆಗಿರುತ್ತದೆ. ನೆಲಕ್ಕೆ ಸೋರಿಕೆ ಇಲ್ಲವಾದ್ದರಿಂದ ಆರ್‌ಸಿಸಿಬಿಯೂ ಸುಮ್ಮನಿರುತ್ತದೆ.

ನಾನು ಬಿಚ್ಚಿಸಿದ ಒಂದು ಬೋರ್ಡು ಕಣ್ಣಿಗೆ ಕಟ್ಟಿದಂತಿದೆ. ಮುಚ್ಚಳ ತೆಗೆದಾಗ ಎಂಸಿಬಿಗಳೆಲ್ಲ ಹೊಸದರಂತೆ ಬೆಳ್ಳಗಿದ್ದವು. ಕೆಳಗಿನ ನ್ಯೂಟ್ರಲ್ ಲಿಂಕಿನಲ್ಲಿ ಮೂರನೆಯ ತೂತಿನ ವೈರು ಮಾತ್ರ ಒಂದು ಬೆರಳಿನುದ್ದ ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಒಣಗಿದ ಸಿಪ್ಪೆಯಂತೆ ಪುಡಿಯಾಗುತ್ತಿತ್ತು. ಸ್ಕ್ರೂಡ್ರೈವರ್ ಇಟ್ಟರೆ ಆ ಸ್ಕ್ರೂ ಯಾವ ಬಲವೂ ಬೇಡದೆ ಒಂದೂವರೆ ಸುತ್ತು ಒಳಗೆ ಹೋಯಿತು. ಒಂದೇ ತೂತಿಗೆ ಎರಡು ಬೇರೆ ಬೇರೆ ದಪ್ಪದ ವೈರುಗಳನ್ನು ತುರುಕಿದ್ದರು. ಸ್ಕ್ರೂ ದಪ್ಪ ವೈರನ್ನು ಒತ್ತಿತ್ತು, ತೆಳುವಾದದ್ದು ಪಕ್ಕದಲ್ಲಿ ಸುಮ್ಮನೆ ತಾಗಿಕೊಂಡಿತ್ತು.

ಆದ್ದರಿಂದ ಬೋರ್ಡು ಕಟ್ಟಿಸುವಾಗ ಸಾಧನದ ಬ್ರ್ಯಾಂಡಿಗಿಂತ ಸ್ಕ್ರೂಗಳ ಕಡೆ ಹೆಚ್ಚು ಗಮನ ಕೊಡಿ ಎಂದೇ ನನ್ನ ಒತ್ತಾಯ. ಒಂದು ತೂತಿಗೆ ಒಂದೇ ವೈರು. ಹಲವು ಎಳೆಗಳ ವೈರಾದರೆ ತುದಿಗೆ ಪಿನ್ ಲಗ್ (ಲೋಹದ ಸಣ್ಣ ತುದಿಕೊಳವೆ) ಒತ್ತಿಸಿ ಒಳಗೆ ಇಡಬೇಕು; ಎಳೆಗಳು ಬಿಡಿಬಿಡಿಯಾಗದಿರಲಿ ಎಂದು ತುದಿಗೆ ಸೀಸದ ಬೆಸುಗೆ ಹಚ್ಚಿ ಸ್ಕ್ರೂ ಮಾಡುವುದು ತಪ್ಪು, ಏಕೆಂದರೆ ಆ ಮೆತ್ತನೆಯ ಲೋಹ ಒತ್ತಡಕ್ಕೆ ನಿಧಾನವಾಗಿ ಜರುಗಿ ಕೆಲವು ತಿಂಗಳಲ್ಲಿ ಸ್ಕ್ರೂವನ್ನು ಸಡಿಲ ಮಾಡುತ್ತದೆ. ತೂತಿಗೆ ಹಿಡಿಸುವುದಿಲ್ಲವೆಂದು ನಾಲ್ಕಾರು ಎಳೆಗಳನ್ನು ಕತ್ತರಿಸುವವರನ್ನೂ ಕಂಡಿದ್ದೇನೆ. ಆಗ ನೀವು ಕೊಂಡ ವೈರಿನ ದಪ್ಪ ಕೊನೆಯ ಅರ್ಧ ಇಂಚಿನಲ್ಲಿ ಇಲ್ಲವಾಗಿರುತ್ತದೆ. ಸ್ಕ್ರೂ ಹೊದಿಕೆಯ ಮೇಲೆ ಕೂರಬಾರದು, ತೆರೆದ ತಾಮ್ರ ಹೊರಗೂ ಕಾಣಬಾರದು. ಬಿಗಿಮಾಡಿದ ಮೇಲೆ ಪ್ರತಿ ವೈರನ್ನೂ ಕೈಯಿಂದ ಒಮ್ಮೆ ಎಳೆದು ನೋಡಬೇಕು.

ಮೂರು ಫೇಸಿನ ಪೂರೈಕೆ ಇರುವ ಮನೆಯಲ್ಲಿ ಮುಖ್ಯ ನ್ಯೂಟ್ರಲ್ ಸಡಿಲವಾದರೆ ಕಥೆ ಇನ್ನೂ ಭೀಕರ. ಮಧ್ಯದ ಆಧಾರ ತಪ್ಪಿ, ಕಡಿಮೆ ಲೋಡಿರುವ ಫೇಸಿನ ಉಪಕರಣಗಳಿಗೆ 230ರ ಬದಲು 400 ವೋಲ್ಟಿಗೆ ಸಮೀಪದ ಒತ್ತಡ ಹೋಗುತ್ತದೆ. ಕೆಲವು ದೀಪ ಮಂಕಾಗಿ ಬೇರೆ ಕೆಲವು ಅತಿಯಾಗಿ ಬೆಳಗಿದರೆ ಒಂದು ಕ್ಷಣವೂ ಯೋಚಿಸದೆ ಮೇನ್ ಇಳಿಸಿ. ಇಂಥ ಮನೆಗಳಿಗೆ ವೋಲ್ಟೇಜ್ ಏರಿಳಿತವನ್ನು ನೋಡಿ ಕಡಿಯುವ ರಿಲೇ ಹಾಕಿಸುವುದು ಸಾರ್ಥಕ.

ಪ್ರಶ್ನೆ: ಹೊಸ ಮನೆಯ ಬೋರ್ಡನ್ನು ಹೇಗೆ ಹಂಚಬೇಕು? ಮೇನ್‌ನಲ್ಲಿ ಒಂದೇ ಆರ್‌ಸಿಸಿಬಿ ಸಾಲದೇ?

ಉತ್ತರ: ಒಂದೇ ಇದ್ದರೆ ಸ್ನಾನದ ಮನೆಯ ಗೀಸರ್ ಸೋರಿದ ರಾತ್ರಿ ಮೆಟ್ಟಿಲಿನ ದೀಪವೂ ಆರುತ್ತದೆ, ಕತ್ತಲಲ್ಲಿ ಬಿದ್ದು ಕಾಲು ಮುರಿದುಕೊಳ್ಳುವುದು ಇನ್ನೊಂದು ಅಪಾಯ. ಕನಿಷ್ಠ ಎರಡು ಇರಲಿ, ಮತ್ತು ಪ್ರತಿ ಕೋಣೆಯ ದೀಪ ಒಂದರಲ್ಲಿ, ಸಾಕೆಟ್ ಇನ್ನೊಂದರಲ್ಲಿ ಬರುವಂತೆ ಹಂಚಿ. ಪ್ರತಿ ಆರ್‌ಸಿಸಿಬಿಗೂ ತನ್ನದೇ ನ್ಯೂಟ್ರಲ್ ಲಿಂಕ್ ಇರಬೇಕು. ಫ್ರಿಜ್ಜಿಗೆ ಬೇರೆಯೇ ಆರ್‌ಸಿಬಿಒ ಕೊಟ್ಟರೆ ನೀವು ಊರಲ್ಲಿ ಇಲ್ಲದಾಗಲೂ ಅದು ನಡೆಯುತ್ತಿರುತ್ತದೆ. ಇಡೀ ಮನೆಯನ್ನು ವೈರಿಂಗಿನ ಸೋರಿಕೆಯಿಂದ ಹತ್ತುವ ಬೆಂಕಿಯಿಂದ ಕಾಯಲು ಮೇಲ್ಗಡೆ 300 ಮಿಲಿಆಂಪಿಯರಿನದೊಂದನ್ನು ಹಾಕಬಹುದು, ಆದರೆ ಅದು ತಡವಾಗಿ ಕಡಿಯುವ ಎಸ್ ವರ್ಗದ್ದೇ ಆಗಿರಬೇಕು. ಇಲ್ಲವಾದರೆ ಕೆಳಗಿನದಕ್ಕಿಂತ ಮೊದಲು ಅದೇ ಟ್ರಿಪ್ ಆಗಿ ಹಂಚಿದ್ದೆಲ್ಲ ವ್ಯರ್ಥವಾಗುತ್ತದೆ. ಆರ್‌ಸಿಸಿಬಿ ಕೊಳ್ಳುವಾಗ ಎಸಿ ವರ್ಗದ್ದನ್ನಲ್ಲ, ಎ ವರ್ಗದ್ದನ್ನು ಕೇಳಿ. ಇಂದಿನ ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ದೋಷ ಪ್ರವಾಹ ಏಕಮುಖವಾಗಿ ಮಿಡಿಯುವಂತೆ ಬರಬಹುದು, ಎಸಿ ವರ್ಗದ್ದು ಅದನ್ನು ಗುರುತಿಸುವ ಖಾತ್ರಿ ಇಲ್ಲ.

ಸಿಡಿಲು ಮತ್ತು ಲೈನಿನ ಹಠಾತ್ ಉಬ್ಬರದಿಂದ ಉಪಕರಣಗಳನ್ನು ಕಾಯುವುದು ಸರ್ಜ್ ಪ್ರೊಟೆಕ್ಟರ್. ಮನೆಯ ಬೋರ್ಡಿಗೆ ಟೈಪ್ 2 ಬೇಕು. ಅದಕ್ಕೆ ಹೋಗಿ ಬರುವ ವೈರುಗಳ ಒಟ್ಟು ಉದ್ದ ಅರ್ಧ ಮೀಟರನ್ನು ಮೀರದಿರಲಿ, ಏಕೆಂದರೆ ಉಬ್ಬರದ ವೇಗಕ್ಕೆ ಉದ್ದ ವೈರೇ ಅಡ್ಡಗೋಡೆಯಾಗುತ್ತದೆ. ಸ್ವಿಚ್ ಯಾವಾಗಲೂ ಫೇಸಿನ ದಾರಿಯಲ್ಲಿರಬೇಕು, ನ್ಯೂಟ್ರಲಿನಲ್ಲಿ ಅಲ್ಲ. ಹಸಿರು ಅಥವಾ ಹಸಿರು ಹಳದಿ ವೈರನ್ನು ಅರ್ಥಿಗಲ್ಲದೆ ಬೇರೆ ಯಾವುದಕ್ಕೂ, ವೈರು ಮುಗಿದಿದೆ ಎಂಬ ಕಾರಣಕ್ಕೂ, ಬಳಸಲು ಬಿಡಬೇಡಿ. ನಾಲ್ಕಾರು ಖಾಲಿ ಜಾಗ ಇರುವ ದೊಡ್ಡ ಪೆಟ್ಟಿಗೆಯನ್ನೇ ಕೊಳ್ಳಿ, ಯಾವ ಎಂಸಿಬಿ ಯಾವ ಕೋಣೆಗೆ ಎಂದು ಮುಚ್ಚಳದ ಮೇಲೆ ಬರೆಸಿ.

ಪ್ರಶ್ನೆ: ಸೌರ ಫಲಕದಿಂದ ಬರುವ ಡಿಸಿ ಸಾಲಿಗೆ ಮನೆಯಲ್ಲಿ ಉಳಿದಿದ್ದ ಎಂಸಿಬಿ ಹಾಕಬಹುದೇ?

ಉತ್ತರ: ಬೇಡ. ದಿಕ್ಕು ಬದಲಿಸುತ್ತಲೇ ಇರುವ ಎಸಿ ಪ್ರವಾಹ ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುತ್ತದೆ. ಎಂಸಿಬಿಯ ತುದಿಗಳು ಬೇರೆಯಾದಾಗ ಹುಟ್ಟುವ ಕಿಡಿ ಆ ಸೊನ್ನೆಯಲ್ಲಿ ಆರುತ್ತದೆ. ಒಂದೇ ದಿಕ್ಕಿನಲ್ಲಿ ಹರಿಯುವ ಡಿಸಿಯಲ್ಲಿ ಆ ಸೊನ್ನೆಯೇ ಇಲ್ಲ, ಕಿಡಿ ಉರಿಯುತ್ತಲೇ ಇದ್ದು ಎಂಸಿಬಿಯೇ ಹೊತ್ತಿಕೊಳ್ಳಬಹುದು. ಫಲಕಗಳ ಒಟ್ಟು ವೋಲ್ಟೇಜಿಗೆ ತಕ್ಕ ಡಿಸಿ ಎಂಸಿಬಿಯನ್ನೇ ಹಾಕಿಸಿ. ಅದರ ಮೇಲೆ ಪ್ಲಸ್, ಮೈನಸ್ ಗುರುತಿದ್ದರೆ ಜೋಡಣೆ ಅದರಂತೆಯೇ ಇರಬೇಕು.

ಪ್ರಶ್ನೆ: ಆರ್‌ಸಿಸಿಬಿಯ ಮೇಲಿನ ಟಿ ಗುಂಡಿ ಯಾವುದಕ್ಕೆ?

ಉತ್ತರ: ಒತ್ತಿದರೆ ಒಳಗಿನ ಒಂದು ರೆಸಿಸ್ಟರಿನ ಮೂಲಕ ಕೃತಕ ವ್ಯತ್ಯಾಸ ಉಂಟಾಗಿ ಸಾಧನ ಟ್ರಿಪ್ ಆಗಬೇಕು. ಆಗದಿದ್ದರೆ ಬದಲಾಯಿಸಿ. ವರ್ಷಗಟ್ಟಲೆ ಅಲುಗದ ಬೀಗ ಅಂಟಿಕೊಳ್ಳುವುದುಂಟು, ಆದ್ದರಿಂದ ಮೂರು ತಿಂಗಳಿಗೊಮ್ಮೆಯಾದರೂ ಒತ್ತಿ. ಗುಂಡಿ ಸಾಧನವನ್ನು ಪರೀಕ್ಷಿಸುತ್ತದೆಯೇ ಹೊರತು ನಿಮ್ಮ ಅರ್ಥಿಂಗನ್ನಲ್ಲ.

ಪ್ರಶ್ನೆ: ಕೋಣೆಯ ಎಂಸಿಬಿ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಅದು ಉರಿಯದಿರುವುದನ್ನು ಖಚಿತಪಡಿಸಿಕೊಂಡೇ ಸ್ವಿಚ್ ಬದಲಾಯಿಸಲು ಕೈ ಹಾಕಿದೆ. ಆದರೂ ಷಾಕ್ ಹೊಡೆಯಿತು. ನನ್ನ ತಪ್ಪು ಎಲ್ಲಿ?

ಉತ್ತರ: ನೀವು ಸುರಕ್ಷಿತವಾಗಿದ್ದೀರಿ ಎಂಬುದು ದೊಡ್ಡದು. ಒಂದೇ ಸ್ವಿಚ್ ಪೆಟ್ಟಿಗೆಗೆ ಎರಡು ಕಡೆಯಿಂದ ವಿದ್ಯುತ್ ಬಂದಿರಬಹುದು: ಒಂದು ಮೇನ್ ಸಾಲು, ಇನ್ನೊಂದು ಇನ್ವರ್ಟರಿನದು. ಮೇನ್ ಹೋದ ಕ್ಷಣದಲ್ಲಿ ಇನ್ವರ್ಟರ್ ತನ್ನ ಸಾಲಿಗೆ 230 ವೋಲ್ಟನ್ನು ಬ್ಯಾಟರಿಯಿಂದ ಕೊಡಲಾರಂಭಿಸುತ್ತದೆ, ಆದ್ದರಿಂದ ಮೇನ್ ಸ್ವಿಚ್ ಇಳಿಸಿದರೂ ಆ ವೈರು ಜೀವಂತ. ಇನ್ನೊಂದು ಸಾಧ್ಯತೆ, ಬೇರೆ ಸಾಲಿನ ಲೋಡಿಗೆ ಎರವಲು ಕೊಟ್ಟಿದ್ದ ನ್ಯೂಟ್ರಲನ್ನು ನೀವು ಬಿಚ್ಚಿದ್ದು. ಬಿಚ್ಚುವವರೆಗೆ ಟೆಸ್ಟರ್ ಉರಿಯುವುದಿಲ್ಲ, ಬಿಚ್ಚಿದ ಕ್ಷಣದಲ್ಲಿ ಆ ಲೋಡಿನ ಮೂಲಕ ಪೂರ್ಣ ವೋಲ್ಟೇಜ್ ಅದರ ತುದಿಗೆ ಬರುತ್ತದೆ.

ನಿಯಾನ್ ಟೆಸ್ಟರನ್ನು ಮಾತ್ರ ನಂಬಿದ್ದು ಮೂರನೆಯ ಕಾರಣ. ಅದರ ದೀಪ ಉರಿಯಲು ನಿಮ್ಮ ಮೈಯೂ ನೆಲವೂ ದಾರಿ ಕೊಡಬೇಕು; ಒಣ ಮರದ ಸ್ಟೂಲಿನ ಮೇಲೆ ನಿಂತರೆ, ಬೆಳಕು ಹೆಚ್ಚಿದ್ದರೆ, ಒಳಗಿನ ದೀಪ ಕೆಟ್ಟಿದ್ದರೆ ಅದು ಮೌನವಾಗಿರುತ್ತದೆ, ಮತ್ತು ಆ ಮೌನವನ್ನು ನಾವು ಸುರಕ್ಷತೆ ಎಂದು ಓದುತ್ತೇವೆ. ಮನೆಯ ಮೇನ್ ಮತ್ತು ಇನ್ವರ್ಟರಿನ ಔಟ್‌ಪುಟ್ ಎರಡನ್ನೂ ಆಫ್ ಮಾಡಿ, ಬೇರೆಯವರು ಏರಿಸದಂತೆ ಚೀಟಿ ಅಂಟಿಸಿ. ಎರಡು ತುದಿಯ ವೋಲ್ಟೇಜ್ ಟೆಸ್ಟರ್ ಅಥವಾ ಮಲ್ಟಿಮೀಟರನ್ನು ವಿದ್ಯುತ್ ಇದೆ ಎಂದು ಖಚಿತವಾಗಿ ಗೊತ್ತಿರುವ, ಬೇರೆ ಪೂರೈಕೆಯಲ್ಲಿರುವ ಒಂದು ಸಾಕೆಟ್ಟಿನಲ್ಲೋ ಮೇನ್‌ಗಿಂತ ಹಿಂದಿನ ತುದಿಯಲ್ಲೋ ಮೊದಲು ಪರೀಕ್ಷಿಸಿ. ಆಮೇಲೆ ಕೆಲಸ ಮಾಡುವ ಜಾಗದಲ್ಲಿ ಫೇಸ್ ಮತ್ತು ನ್ಯೂಟ್ರಲ್, ಫೇಸ್ ಮತ್ತು ಅರ್ಥ್, ನ್ಯೂಟ್ರಲ್ ಮತ್ತು ಅರ್ಥ್ ಮೂರನ್ನೂ ಅಳೆಯಿರಿ. ನಂತರ ಮೊದಲಿನ ಜಾಗಕ್ಕೇ ಹೋಗಿ ಮೀಟರ್ ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ಮತ್ತೊಮ್ಮೆ ನೋಡಿ. ಹೆಚ್ಚಿನವರು ಬಿಟ್ಟುಬಿಡುವುದು ಈ ಮೂರನೆಯ ಹೆಜ್ಜೆಯನ್ನು; ನಡುವೆ ಮೀಟರಿನ ಬ್ಯಾಟರಿ ಮುಗಿದಿದ್ದರೆ, ಅದರ ವೈರು ತುಂಡಾಗಿದ್ದರೆ, ಅದು ತಿಳಿಯುವುದು ಆಗ ಮಾತ್ರ.